ಹಳೇ ಎಕ್ಸ್‌ಟಿ ಪಿಸಿಗೆ ಡಿಸ್‌ಪ್ಲೇ ಕಾರ್ಡ್ ನಾವೇ ಕಟ್ಟೋದು: ಮಾನಿಟರ್ ಕಡೆಯಿಂದ ಶುರು ಮಾಡಿ, ಸ್ಲಾಟಿಗೆ ಕೊನೆಗೆ ಬನ್ನಿ

ತುಮಕೂರಿನ ಗುಬ್ಬಿ ಗೇಟ್ ಕಡೆ ಒಂದು ಗುಜರಿ ಅಂಗಡೀಲಿ ನಂಗೊಂದು ಎಕ್ಸ್‌ಟಿ ಕ್ಲೋನ್, ಅಂದ್ರೆ ಐಬಿಎಂನ ಹಳೇ ಪಿಸಿ ಎಕ್ಸ್‌ಟಿಯ ನಕಲು ಮಷೀನು, ಸಿಕ್ತು. 8088 ಪ್ರೊಸೆಸರ್ರು, ಕಾರ್ಡ್ ಚುಚ್ಚೋಕೆ ಎಂಟು ಐಎಸ್‌ಎ ಸ್ಲಾಟು, ಕೀಬೋರ್ಡ್ ಕೂಡ ಜೊತೆಗೇ ಇತ್ತು, ಆದ್ರೆ ಡಿಸ್‌ಪ್ಲೇ ಕಾರ್ಡ್ ಮಾತ್ರ ಯಾರೋ ಮೊದ್ಲೇ ಕಿತ್ಕೊಂಡಿದ್ರು. ಮನೇಲಿ ಆನ್ ಮಾಡಿದ್ರೆ ಸ್ಪೀಕರ್‌ನಲ್ಲಿ ಒಂದು ಉದ್ದ ಎರಡು ಗಿಡ್ಡ ಬೀಪು, ಐಬಿಎಂ ಪಿಸಿ ಕಾಲದಿಂದ್ಲೂ ಇದ್ರ ಅರ್ಥ ಡಿಸ್‌ಪ್ಲೇ ಕಾರ್ಡ್ ಸರಿ ಇಲ್ಲ ಅಂತ. ಮಷೀನ್ ಜೀವಂತ ಇದೆ, ಮಾತಾಡ್ತಿದೆ, ಅದ್ರ ಮುಖ ಮಾತ್ರ ಕಾಣ್ತಿಲ್ಲ. ಅವತ್ತೇ ಕಾರ್ಡ್ ನಾನೇ ಕಟ್ತೀನಿ ಅಂತ ಕೂತೆ, ಈಗ ಅದು ಕೆಲಸ ಮಾಡ್ತಿದೆ, ಹೆಂಗೆ ಅಂತ ಪೂರ್ತಿ ಬರೀತಿದೀನಿ.

ಸಿಜಿಎ ಅನ್ನೋ ಐಬಿಎಂನ ಹಳೇ ಕಲರ್ ಡಿಸ್‌ಪ್ಲೇ ಕಾರ್ಡೇ ಹುಡುಕಿ ತರ್ಬೋದಿತ್ತಲ್ಲ ಅಂತ ಕೇಳ್ಬೋದು. ತಂದ್ರೂ ಉಪಯೋಗ ಕಮ್ಮಿ, ಯಾಕಂದ್ರೆ 1981ರಲ್ಲಿ ಐಬಿಎಂ ಪಿಸಿ ಜೊತೆ ಬಂದ ಸಿಜಿಎ ಸೆಕೆಂಡಿಗೆ 15,700 ಗೆರೆ ಲೆಕ್ಕದಲ್ಲಿ ಚಿತ್ರ ಕಳಿಸುತ್ತೆ, ಇವತ್ತಿನ ಎಲ್‌ಸಿಡಿ ಮಾನಿಟರ್‌ಗಳಲ್ಲಿ ಹೆಚ್ಚಿನವು 31,000ದ ಕೆಳಗೆ ಬಂದ್ರೆ ಸಿಗ್ನಲ್ ಇಲ್ಲ ಅಂತ ಕಪ್ಪಗಾಗ್ಬಿಡ್ತವೆ. ಆಮೇಲೆ ಬಂದ, ಈ ಮಾನಿಟರ್‌ಗಳು ಒಪ್ಪೋ ವಿಜಿಎ ಕಾರ್ಡ್ ಸಿಕ್ಕಿದ್ರೂ ಅವುಗಳಲ್ಲಿ ಬಹಳಷ್ಟು 16 ಬಿಟ್ ಸ್ಲಾಟಿಗೆ ಮಾಡಿದ್ದು, ಎಕ್ಸ್‌ಟಿ ಥರ 8 ಬಿಟ್ ಸ್ಲಾಟಲ್ಲಿ ಏಳೋದೇ ಇಲ್ಲ. ಹಂಗಾಗಿ ನಾವು ಕಟ್ಟೋ ಕಾರ್ಡು ಪಿಸಿ ಕಡೆಯಿಂದ ನೋಡಿದ್ರೆ ಸಿಜಿಎ ಥರ ಕಾಣ್ಬೇಕು, ಮಾನಿಟರ್ ಕಡೆಯಿಂದ ನೋಡಿದ್ರೆ ವಿಜಿಎ ಥರ. 80 ಕಾಲಂ 25 ಸಾಲು, 16 ಬಣ್ಣ, ಬರೀ ಟೆಕ್ಸ್ಟ್. ಗ್ರಾಫಿಕ್ಸ್ ಮೋಡ್ ಇದಾದ್ಮೇಲೆ ಯೋಚ್ನೆ ಮಾಡಿ, ಟೆಕ್ಸ್ಟ್ ಮೋಡ್ ಕಟ್ಟಿದೋರಿಗೆ ಅದು ಕಷ್ಟ ಆಗಲ್ಲ.

ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ, ಇಡೀ ಬರಹದಲ್ಲಿ ಇದೊಂದು ನೆನಪಿಟ್ಕೊಂಡ್ರೂ ಸಾಕು. ಸುಮಾರು ಜನ ಸ್ಲಾಟ್ ಕಡೆಯಿಂದ ಶುರು ಮಾಡ್ತಾರೆ, ಅಡ್ರೆಸ್ ಡಿಕೋಡ್ (ಪ್ರೊಸೆಸರ್ ಕರೀತಿರೋದು ನಮ್ಮ ಕಾರ್ಡನ್ನೇನಾ ಅಂತ ಗುರುತು ಹಿಡಿಯೋದು) ಮಾಡಿ ಬೋರ್ಡಿಗೆ ಚುಚ್ಚಿ ಆಮೇಲೆ ಚಿತ್ರ ಯಾಕೆ ಬರ್ತಿಲ್ಲ ಅಂತ ತಲೆ ಕೆಡಿಸ್ಕೊಳ್ತಾರೆ. ಉಲ್ಟಾ ಮಾಡಿ. ಮಾನಿಟರ್ ಕಡೆಯಿಂದ ಹಿಂದಕ್ಕೆ ಬನ್ನಿ. ಪ್ರತಿ ಹಂತದಲ್ಲೂ ಸ್ಕ್ರೀನ್ ಮೇಲೆ ಏನಾದ್ರೂ ಕಾಣ್ತಿರುತ್ತೆ, ತಪ್ಪು ಎಲ್ಲಿದೆ ಅಂತ ಸ್ಕ್ರೀನೇ ತೋರ್ಸುತ್ತೆ, ಮತ್ತೆ ಸಿಗದೇ ಇರೋ ಹಳೇ ಮದರ್‌ಬೋರ್ಡಿಗೆ ಕಾರ್ಡ್ ಹಾಕೋದು ಎಲ್ಲಾ ಸರಿ ಇದೆ ಅಂತ ಗೊತ್ತಾದ್ಮೇಲೆ ಮಾತ್ರ.

ಸಾಮಾನು

25.175 ಮೆಗಾಹರ್ಟ್ಝ್ ಆಸಿಲೇಟರ್ ಒಂದು, ತಗಡಿನ ಡಬ್ಬಿ ಥರ ಇರುತ್ತಲ್ಲ ಅದು. ಎಟಿಎಫ್22ವಿ10 ಅನ್ನೋ ಪ್ರೋಗ್ರಾಂ ಮಾಡೋ ಲಾಜಿಕ್ ಚಿಪ್ ನಾಲ್ಕು, 62256 ರ‍್ಯಾಮ್ ಎರಡು, ಪವರ್ ಹೋದ್ರೂ ಬರೆದಿದ್ದು ಉಳಿಯೋ 28ಸಿ64 ಈಪ್ರಾಮ್ ಎರಡು, ಉಳಿದಿದ್ದು 74 ಸೀರೀಸಿನ ಸಣ್ಣ ಲಾಜಿಕ್ ಚಿಪ್‌ಗಳು. ಇವು ತುಮಕೂರಲ್ಲಿ ಎಲ್ಲಾ ಒಂದೇ ಕಡೆ ಸಿಗಲ್ಲ, ನಾನು ಬೆಳಗ್ಗೆ ಟ್ರೈನ್ ಹತ್ತಿ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಸಂಜೆ ವಾಪಸ್ ಬಂದೆ, ಚೀಟೀಲಿ ನಂಬರ್ ಪೂರ್ತಿ ಬರ್ಕೊಂಡು ಹೋಗಿ. 74ಎಲ್‌ಎಸ್ ಕೇಳಿದ್ರೆ ಥಟ್ ಅಂತ ಕೊಡ್ತಾರೆ, ಆದ್ರೆ ನಮಗೆ ಬೇಕಿರೋದು ಬೇರೆ (ಎಲ್‌ಎಸ್, ಎಚ್‌ಸಿ, ಎಚ್‌ಸಿಟಿ, ಎಸಿ, ಎಫ್ ಎಲ್ಲಾ 74 ಸೀರೀಸಿನ ಬೇರೆ ಬೇರೆ ತಳಿಗಳು). ಐಎಸ್‌ಎ ಬಸ್ (ಸ್ಲಾಟಿನ ಸಿಗ್ನಲ್ ತಂತಿಗಳು) ಕಡೆ ಇನ್‌ಪುಟ್ ಇರೋ ಚಿಪ್ ಎಲ್ಲಾ ಎಚ್‌ಸಿಟಿ ಆಗಿರ್ಲಿ, ಬಸ್ಸಿನ ವೋಲ್ಟೇಜು (ಟಿಟಿಎಲ್ ಮಟ್ಟ) ಎಚ್‌ಸಿಗೆ ಸಾಕಾಗಲ್ಲ. 25 ಮೆಗಾಹರ್ಟ್ಝ್‌ನಲ್ಲಿ ಓಡೋ ಕೌಂಟರ್ 74ಎಸಿ163 ಅಥವಾ 74ಎಫ್163 ಆಗ್ಬೇಕು. ಪ್ರತಿ ಚಿಪ್ ಪಕ್ಕ 104 ಅಂತ ಬರ್ದಿರೋ ಕೆಪ್ಯಾಸಿಟರ್ ಒಂದೊಂದು, ಇದ್ರಲ್ಲಿ ಜುಗ್ಗತನ ಬೇಡ. ಈಪ್ರಾಮ್ ಮತ್ತು 22ವಿ10 ಎರಡನ್ನೂ ಬರೆಯೋ ಯುಎಸ್‌ಬಿ ಪ್ರೋಗ್ರಾಮರ್ ಒಂದು ಬೇಕೇ ಬೇಕು.

ಮೊದ್ಲು ಸಿಂಕ್

ಮಾನಿಟರ್‌ಗೆ ಬೇಕಿರೋದು ಎರಡು ತಾಳ: ಪ್ರತಿ ಗೆರೆಗೊಂದು ಹೆಚ್ ಸಿಂಕ್, ಪ್ರತಿ ಫ್ರೇಮಿಗೊಂದು ವಿ ಸಿಂಕ್. ನಾವು ತಗೊಳ್ಳೋದು 640 ಬೈ 400, 70 ಹರ್ಟ್ಝ್, ಯಾಕಂದ್ರೆ 80 ಅಕ್ಷರ ಇಂಟು 8 ಪಿಕ್ಸೆಲ್ ಅಂದ್ರೆ 640, 25 ಸಾಲು ಇಂಟು 16 ಅಂದ್ರೆ 400, ಒಂದು ಪಿಕ್ಸೆಲ್ಲೂ ವೇಸ್ಟ್ ಆಗಲ್ಲ. ಒಂದು ಗೆರೆಗೆ ಒಟ್ಟು 800 ಪಿಕ್ಸೆಲ್ ಟೈಮು: 640 ಕಾಣೋದು, 16 ಖಾಲಿ, 96 ಸಿಂಕ್, 48 ಖಾಲಿ. ಎಂಟರಿಂದ ಭಾಗಿಸಿ ನೋಡಿ, 80, 2, 12, 6, ಒಟ್ಟು 100. ಅಂದ್ರೆ ಪಿಕ್ಸೆಲ್ ಲೆಕ್ಕ ಬಿಟ್ಟು ಅಕ್ಷರದ ಮನೆ ಲೆಕ್ಕದಲ್ಲೇ, ಚೌಕಾಬಾರದ ಮನೆ ಎಣಿಸಿದಂಗೆ, ಎಣಿಸ್ಕೊಂಡು ಹೋಗ್ಬೋದು. ಒಂದು ಮನೆ ಅಂದ್ರೆ ಸುಮಾರು 318 ನ್ಯಾನೋ ಸೆಕೆಂಡ್. ಗೆರೆ ಲೆಕ್ಕ: 400 ಕಾಣೋದು, 12 ಖಾಲಿ, 2 ಸಿಂಕ್, 35 ಖಾಲಿ, ಒಟ್ಟು 449.

ಒಂದು 74ಎಸಿ163 ಪಿಕ್ಸೆಲ್ ಕ್ಲಾಕನ್ನ ಎಂಟರಿಂದ ಭಾಗಿಸ್ಲಿ. ಒಂದು 22ವಿ10 ಒಳಗೆ 0ಯಿಂದ 99ರವರೆಗೆ ಎಣಿಸೋ 7 ಬಿಟ್ ಕೌಂಟರ್, ಹೆಚ್ ಸಿಂಕ್, ಬ್ಲ್ಯಾಂಕ್ (ಚಿತ್ರ ಇಲ್ಲದ ಖಾಲಿ ಹೊತ್ತು), ಗೆರೆ ಮುಗೀತು ಅನ್ನೋ ಸಿಗ್ನಲ್, ಸರಿಯಾಗಿ ಹತ್ತು ಔಟ್‌ಪುಟ್ ತುಂಬುತ್ತೆ. ಇನ್ನೊಂದರಲ್ಲಿ 9 ಬಿಟ್ ಗೆರೆ ಕೌಂಟರ್ ಮತ್ತೆ ವಿ ಸಿಂಕ್. 400 ಗೆರೆ ಮೋಡಿಗೆ ಹೆಚ್ ಸಿಂಕ್ ನೆಗೆಟಿವ್, ವಿ ಸಿಂಕ್ ಪಾಸಿಟಿವ್ ಇರ್ಬೇಕು, ಮಾನಿಟರ್ 350, 400, 480 ಯಾವುದು ಅಂತ ಗುರುತು ಹಿಡಿಯೋದೇ ಈ ಪೊಲಾರಿಟಿ ನೋಡಿ.

ಇದನ್ನ ಬ್ರೆಡ್‌ಬೋರ್ಡ್ ಮೇಲೆ ಮಾಡ್ಬೇಡಿ. 25 ಮೆಗಾಹರ್ಟ್ಝ್‌ಗೆ ಆ ಉದ್ದುದ್ದ ವೈರು ಆಗಿಬರಲ್ಲ, ಕೌಂಟರ್ ಮಧ್ಯ ಮಧ್ಯ ಒಂದೊಂದು ಎಣಿಕೆ ಹಾರಿಸುತ್ತೆ. ನಮ್ಮ ಬೀದಿ ಟೀವಿ ರಿಪೇರಿ ಅಣ್ಣ ಅವರ ಆಸಿಲೋಸ್ಕೋಪ್ ಎರಡು ದಿನ ಕೊಟ್ಟಿದ್ರು, ಅದ್ರಲ್ಲಿ ನೋಡಿ "ಇದು ವೈರಿಂದೇ ಪ್ರಾಬ್ಲಮ್ಮು ಕಣಯ್ಯ, ಗ್ರೌಂಡ್ ದಪ್ಪಗೆ ಎಳಿ" ಅಂದ್ರು. ಡಾಟ್ ಬೋರ್ಡಿಗೆ ಬದಲಾಯಿಸಿ ಗ್ರೌಂಡಿಗೆ ದಪ್ಪ ತಂತಿ ಎಳೆದ್ಮೇಲೆ ಚಿತ್ರ ಅಲ್ಲಾಡ್ದೆ ನಿಂತ್ಕೊಳ್ತು.

ಬಣ್ಣ

ವಿಜಿಎ ಕನೆಕ್ಟರಲ್ಲಿ 1, 2, 3 ಕೆಂಪು ಹಸಿರು ನೀಲಿ, 6, 7, 8 ಅವುಗಳ ಗ್ರೌಂಡು, 13 ಹೆಚ್ ಸಿಂಕ್, 14 ವಿ ಸಿಂಕ್. ಮಾನಿಟರ್ ಒಳಗೆ 75 ಓಮ್ ಇರುತ್ತೆ, ಪೂರ್ತಿ ಬೆಳಕಿಗೆ ಅಲ್ಲಿ 0.7 ವೋಲ್ಟ್ ಬರ್ಬೇಕು. ಪ್ರತಿ ಬಣ್ಣಕ್ಕೂ ಎರಡು ಬಿಟ್, ದೊಡ್ಡದಕ್ಕೆ 680 ಓಮ್ ರೆಸಿಸ್ಟರ್, ಚಿಕ್ಕದಕ್ಕೆ 1.5 ಕಿಲೋ ಓಮ್. 5 ವೋಲ್ಟ್ ಔಟ್‌ಪುಟ್ಟಿಗೆ ಲೆಕ್ಕ ಹಾಕಿದ್ರೆ ಎರಡೂ ಇದ್ದಾಗ 0.69 ವೋಲ್ಟ್, ಬರೀ ದೊಡ್ಡದು 0.48, ಬರೀ ಚಿಕ್ಕದು 0.22. ಕೊನೇ ಡ್ರೈವರ್ 74ಎಚ್‌ಸಿ244 ಇರ್ಲಿ, ಇಲ್ಲಿ ಎಲ್‌ಎಸ್ ಹಾಕಿದ್ರೆ ಅದು ಮೇಲಕ್ಕೆ ಮೂರೂವರೆ ವೋಲ್ಟ್ ಹತ್ರನೇ ನಿಲ್ಲೋದ್ರಿಂದ ಚಿತ್ರ ಮಂಕಾಗುತ್ತೆ.

ಸಿಜಿಎ ಬಣ್ಣದಲ್ಲಿ ಒಂದು ವಿಶೇಷ ಇದೆ. 6ನೇ ಬಣ್ಣ ಲೆಕ್ಕಕ್ಕೆ ಮಂಕು ಹಳದಿ ಆಗ್ಬೇಕು, ಆದ್ರೆ ಐಬಿಎಂನ ಕಲರ್ ಮಾನಿಟರ್ ಅದ್ರ ಹಸಿರನ್ನ ತಗ್ಗಿಸಿ ಕಂದು ಮಾಡ್ತಿತ್ತು. ಬಣ್ಣದ ಕೆಲಸ ಮಾಡೋ ಮೂರನೇ 22ವಿ10 ಒಳಗೆ ಈ ಒಂದು ಬಣ್ಣಕ್ಕೆ ಮಾತ್ರ ಹಸಿರಿನ ದೊಡ್ಡ ಬಿಟ್ ಆರಿಸಿ ಚಿಕ್ಕದನ್ನ ಹಚ್ಚಿ, ಹಳೇ ಪ್ರೋಗ್ರಾಂಗಳು ಆಗ ಹೆಂಗಿದ್ವೋ ಹಂಗೇ ಕಾಣ್ತವೆ. ಬ್ಲ್ಯಾಂಕ್ ಟೈಮಲ್ಲಿ ಮೂರೂ ಬಣ್ಣ ಸೊನ್ನೆಗೆ ಇಳೀಲೇಬೇಕು, ಮಾನಿಟರ್ ಕಪ್ಪು ಅಂದ್ರೆ ಎಷ್ಟು ಅಂತ ಅಳೆಯೋದು ಆಗಲೇ. ಕೌಂಟರ್ ಬಿಟ್‌ಗಳನ್ನೇ ಬಣ್ಣಕ್ಕೆ ಕೊಟ್ಟು ನೋಡಿ, ಸ್ಕ್ರೀನ್ ತುಂಬ ಪಟ್ಟೆ ಪಟ್ಟೆ ಬಂದ್ರೆ ಮೊದಲ್ನೇ ಹಂತ ಮುಗೀತು.

ಮೆಮೊರಿ, ಫಾಂಟು

ಈ ಭಾಗ ನಂಗೆ ತುಂಬ ಇಷ್ಟ. ಸಿಜಿಎ ಟೆಕ್ಸ್ಟಲ್ಲಿ ಪ್ರತಿ ಅಕ್ಷರಕ್ಕೂ ಎರಡು ಬೈಟ್, ಸಮ ಅಡ್ರೆಸ್ಸಲ್ಲಿ ಅಕ್ಷರ, ಬೆಸ ಅಡ್ರೆಸ್ಸಲ್ಲಿ ಬಣ್ಣ, ಒಟ್ಟು 4000 ಬೈಟ್. ಎರಡು ರ‍್ಯಾಮ್ ಅದಕ್ಕೇ: ಒಂದ್ರಲ್ಲಿ ಬರೀ ಅಕ್ಷರ, ಇನ್ನೊಂದ್ರಲ್ಲಿ ಬರೀ ಬಣ್ಣ, ಎರಡನ್ನೂ ಒಂದೇ ಸಲ ಓದ್ಬೋದು.

ಸ್ಕ್ರೀನ್ ಮೇಲಿನ ಸಾಲು ಕಾಲಂನಿಂದ ಅಡ್ರೆಸ್ ಬೇಕಂದ್ರೆ ಸಾಲು ಇಂಟು 80 ಪ್ಲಸ್ ಕಾಲಂ. ಗುಣಾಕಾರಕ್ಕೆ ಚಿಪ್ ಹುಡುಕ್ಬೇಡಿ. 80 ಅಂದ್ರೆ 16 ಇಂಟು 5. ಕಾಲಂ ನಂಬರಿನ ಕೆಳಗಿನ 4 ಬಿಟ್ ಹಂಗೇ ನೇರ ಅಡ್ರೆಸ್ಸಿಗೆ ಹೋಗ್ಲಿ. ಮೇಲಿನ 3 ಬಿಟ್ಟು ಮತ್ತೆ ಸಾಲಿನ 5 ಬಿಟ್ಟು, ಒಟ್ಟು 8 ಬಿಟ್ ಒಂದು ಈಪ್ರಾಮಿಗೆ ಅಡ್ರೆಸ್ ಆಗಿ ಕೊಡಿ, ಅದ್ರೊಳಗೆ ಸಾಲು ಇಂಟು 5 ಪ್ಲಸ್ ಆ 3 ಬಿಟ್ ಅಂತ ಮೊದ್ಲೇ ಲೆಕ್ಕ ಮಾಡಿ ಬರ್ದಿಡಿ, ಮಗ್ಗಿ ಪುಸ್ತಕ ಇದ್ದಂಗೆ. ಕೊನೇ ಮನೆ ತಗೊಂಡು ಪರೀಕ್ಷೆ ಮಾಡಿ: ಸಾಲು 24, ಕಾಲಂ 79, ಮೇಲಿನ ಬಿಟ್ 4, ಕೆಳಗಿನದು 15. 24 ಇಂಟು 5 ಪ್ಲಸ್ 4 ಅಂದ್ರೆ 124, ಇಂಟು 16 ಪ್ಲಸ್ 15 ಅಂದ್ರೆ 1999. ಸೊನ್ನೆಯಿಂದ ಎಣಿಸಿದ್ರೆ 2000 ಅಕ್ಷರದ ಕೊನೇದು ಅದೇ. ಬರೀ 256 ಬೈಟಲ್ಲಿ ಕೆಲಸ ಆಯ್ತು.

ಎರಡನೇ ಈಪ್ರಾಮ್ ಫಾಂಟು. ಅಕ್ಷರದ 8 ಬಿಟ್, ಗೆರೆ ಕೌಂಟರಿನ ಕೆಳಗಿನ 4 ಬಿಟ್, ಒಟ್ಟು 4096 ಬೈಟ್. ಅದ್ರ ಔಟ್‌ಪುಟ್ 74ಎಚ್‌ಸಿ166 ಶಿಫ್ಟ್ ರಿಜಿಸ್ಟರಿಗೆ, ಅಲ್ಲಿಂದ ಒಂದೊಂದೇ ಪಿಕ್ಸೆಲ್ ಹೊರಗೆ.

ಎಲ್ಲಾ ಒಂದೇ ಮನೆ ಟೈಮಲ್ಲಿ ಆಗಲ್ಲ, ಈಪ್ರಾಮ್ 150 ನ್ಯಾನೋ ಸೆಕೆಂಡ್ ತಗೊಳುತ್ತೆ. ಹಂಗಾಗಿ ಕೈಯಿಂದ ಕೈಗೆ ಇಟ್ಟಿಗೆ ದಾಟಿಸಿದಂಗೆ ಮಾಡ್ಬೇಕು: ಮೊದ್ಲ ಮನೇಲಿ ಮಗ್ಗಿ ಈಪ್ರಾಮ್, ಎರಡನೇದ್ರಲ್ಲಿ ರ‍್ಯಾಮ್, ಮೂರನೇದ್ರಲ್ಲಿ ಫಾಂಟ್, ಪ್ರತಿಯೊಂದರ ನಡುವೆ ಓದಿದ್ದನ್ನ ಹಿಡಿದಿಡೋ 74ಎಚ್‌ಸಿ574 ಲ್ಯಾಚು. ಹಂಗಾದ್ರೆ ಚಿತ್ರ ಮೂರು ಮನೆ ತಡವಾಗಿ ಹೊರಗೆ ಬರುತ್ತೆ. ಅದಕ್ಕೆ ಬೇರೆ ಚಿಪ್ ಬೇಡ, ಹೆಚ್ ಕೌಂಟರಲ್ಲಿ ಎಣಿಕೆ ಬದಲಾಯಿಸಿದ್ರೆ ಸಾಕು: ಕಾಣೋ ಭಾಗ 3ರಿಂದ 82, ಸಿಂಕ್ 85ರಿಂದ 96. ಬಣ್ಣದ ಬೈಟು ಫಾಂಟ್ ಓದೋವರೆಗೆ ಕಾಯ್ಬೇಕು, ಅದ್ರ ದಾರೀಲಿ ಇನ್ನೊಂದು 574 ಹಾಕಿ. ನಾನು ಮೊದ್ಲು ಅದನ್ನ ಬಿಟ್ಟಿದ್ದೆ, ಬಣ್ಣ ಎಲ್ಲಾ ಒಂದು ಮನೆ ಎಡಕ್ಕೆ ಸರಿದು ಪ್ರತಿ ಪದದ ಕೊನೇ ಅಕ್ಷರ ಬೇರೆ ಬಣ್ಣದಲ್ಲಿ ಬರ್ತಿತ್ತು. ನಿಮಗೂ ಹಂಗೆ ಕಂಡ್ರೆ ಅಲ್ಲೇ ನೋಡಿ.

ಈ ಹಂತದಲ್ಲಿ ಪವರ್ ಕೊಟ್ಟ ತಕ್ಷಣ ರ‍್ಯಾಮಲ್ಲಿ ಇರೋ ಕಸ ಸ್ಕ್ರೀನ್ ತುಂಬ ಬಣ್ಣ ಬಣ್ಣದ ಅಕ್ಷರ ಆಗಿ ನಿಲ್ಲುತ್ತೆ. ಅಲ್ಲಾಡ್ದೆ ನಿಂತ್ರೆ ಸರಿ ಇದೆ.

ಈಗ ಬಸ್ಸು

ಹಳೇ ಸಿಜಿಎ ಕಾರ್ಡಲ್ಲಿ 80 ಕಾಲಂ ಮೋಡಲ್ಲಿ ಪ್ರೊಸೆಸರ್ ಬರೆದಾಗೆಲ್ಲ ಸ್ಕ್ರೀನ್ ಮೇಲೆ ಚುಕ್ಕೆ ಚುಕ್ಕೆ ಎರಚಿದಂಗೆ ಆಗ್ತಿತ್ತು, ಅದಕ್ಕೆ ಸ್ನೋ ಅಂತಿದ್ರು. ಮೆಮೊರಿ ಒಂದೇ, ಕೇಳೋರು ಇಬ್ರು, ಪ್ರೊಸೆಸರ್ ಬಂದ್ರೆ ಚಿತ್ರದ ಕಡೆಗೆ ಕಸ ಹೋಗ್ತಿತ್ತು. ನಾವು ಪಾಳಿ ಹಾಕೋಣ: ಪ್ರತಿ ಮನೆಯ ಮೊದ್ಲ 4 ಪಿಕ್ಸೆಲ್ ಪ್ರೊಸೆಸರಿಗೆ, ಮುಂದಿನ 4 ಚಿತ್ರಕ್ಕೆ. ಒಂದೊಂದು ಪಾಳಿ 159 ನ್ಯಾನೋ ಸೆಕೆಂಡು, 70 ನ್ಯಾನೋ ಸೆಕೆಂಡಿನ ರ‍್ಯಾಮಿಗೆ ಧಾರಾಳ. ಅಡ್ರೆಸ್ ಬದಲಾಯಿಸೋಕೆ ನಾಲ್ಕು 74ಎಚ್‌ಸಿಟಿ157.

ಸಿಜಿಎ ಮೆಮೊರಿ ಇರೋದು ಹೆಕ್ಸ್ (16ರ ಲೆಕ್ಕದ ಅಂಕಿ) ಬಿ8000ದಿಂದ. ಅಡ್ರೆಸ್ ಲೈನ್ ಎ19ರಿಂದ ಎ15ರವರೆಗೆ 1, 0, 1, 1, 1 ಬಂದ್ರೆ ನಮ್ದು, ಎ14 ಸೊನ್ನೆ ಆದ್ರೆ 16 ಕೆಬಿ ಸರಿಯಾಗಿ ಸಿಗುತ್ತೆ. ಎ0 ನೋಡಿ ಯಾವ ರ‍್ಯಾಮ್ ಅಂತ ತೀರ್ಮಾನ, ಎ1ರಿಂದ ಎ13 ರ‍್ಯಾಮಿನ ಅಡ್ರೆಸ್ಸಿಗೆ. ಇದೆಲ್ಲ ನಾಲ್ಕನೇ 22ವಿ10 ಕೆಲಸ. ಸ್ಲಾಟಿನ ಪಿನ್ನುಗಳಲ್ಲಿ ಮೆಮೊರಿ ರೈಟ್ ಬಿ11, ರೀಡ್ ಬಿ12, ಐಒ ರೈಟ್ ಬಿ13, ಐಒ ರೀಡ್ ಬಿ14. ಡೇಟಾ ಪಿನ್ ಎ2ರಿಂದ ಎ9 (ಇದು ಪಿನ್ನಿನ ಎ ಸಾಲು, ಅಡ್ರೆಸ್ಸಿನ ಎ ಅಲ್ಲ), ಅದ್ರಲ್ಲಿ ಎ2 ಅಂದ್ರೆ ಡಿ7, ಉಲ್ಟಾ ಇದೆ, ಹುಷಾರು.

ಪ್ರೊಸೆಸರ್ ತನ್ನ ಪಾಳಿ ಬರೋವರೆಗೆ ಕಾಯ್ಬೇಕಲ್ಲ, ಅದಕ್ಕೆ ಎ10ನೇ ಪಿನ್, ಐಒ ಚಾನೆಲ್ ರೆಡಿ. ಅದನ್ನ ಕೆಳಕ್ಕೆ ಎಳೆದಷ್ಟು ಹೊತ್ತು ಪ್ರೊಸೆಸರ್ ನಿಲ್ಲುತ್ತೆ. ಇಲ್ಲೇ ನಾನು ಒಂದು ವಾರ ಕಳೆದೆ. ಪ್ರೊಸೆಸರ್ ಕ್ಲಾಕೇ ಬೇರೆ, ನಮ್ಮ ಕ್ಲಾಕೇ ಬೇರೆ, ಹಂಗಾಗಿ ಅದ್ರ ಕೋರಿಕೆಯನ್ನ ಎರಡು ಫ್ಲಿಪ್‌ಫ್ಲಾಪ್ ದಾಟಿಸಿ ಒಳಗೆ ತಗೋಬೇಕು, ಅದು ಸರಿ, ಆದ್ರೆ ರೆಡಿ ಲೈನನ್ನೂ ನಾನು ಆ ಫ್ಲಿಪ್‌ಫ್ಲಾಪ್ ಆದ್ಮೇಲೆ ಎಳೀತಿದ್ದೆ. ಅಷ್ಟೊತ್ತಿಗೆ ಪ್ರೊಸೆಸರ್ ಮುಂದಕ್ಕೆ ಹೋಗ್ಬಿಟ್ಟಿರ್ತಿತ್ತು, ಸ್ಕ್ರೀನಲ್ಲಿ ಅಲ್ಲಲ್ಲಿ ಅಕ್ಷರ ಉದುರಿ ಹೋಗ್ತಿತ್ತು. ಎಳೆಯೋದು ಡಿಕೋಡ್ ಆದ ಕ್ಷಣವೇ ನೇರವಾಗಿ, ಬಿಡೋದು ಮಾತ್ರ ಪಾಳಿ ಮುಗಿದ್ಮೇಲೆ. ಓದುವಾಗ ಪಾಳಿ ಮುಗಿಯೋ ಹೊತ್ತಿಗೆ ಬೈಟನ್ನ 74ಎಚ್‌ಸಿಟಿ574ರಲ್ಲಿ ಹಿಡಿದಿಟ್ಟು ಆಮೇಲೆ ಬಿಡಿ. ಈ ಲೈನ್ ಎಲ್ಲಾ ಕಾರ್ಡಿಗೂ ಒಂದೇ, ಹಂಗಾಗಿ ಕೆಳಕ್ಕೆ ಮಾತ್ರ ಎಳೆಯೋ ಓಪನ್ ಕಲೆಕ್ಟರ್ ಚಿಪ್ಪಿಂದಲೇ ಎಳೀಬೇಕು, ಹತ್ತು ಕ್ಲಾಕ್, ಅಂದ್ರೆ 4.77 ಮೆಗಾಹರ್ಟ್ಝ್‌ಗೆ 2.1 ಮೈಕ್ರೋ ಸೆಕೆಂಡಿಗಿಂತ ಜಾಸ್ತಿ ಹಿಡೀಬಾರ್ದು. ನಮ್ದು ಎರಡು ಮೂರು ಮನೆ ಟೈಮಲ್ಲೇ ಮುಗಿಯುತ್ತೆ.

ಪೋರ್ಟುಗಳಲ್ಲಿ (ಪ್ರೊಸೆಸರ್ ಕಾರ್ಡಿನ ಜೊತೆ ಮಾತಾಡೋ ಐಒ ಅಡ್ರೆಸ್‌ಗಳು) ಬಿಡ್ಲೇಬಾರ್ದು ಅನ್ನೋದು 3ಡಿಎ. ಅದನ್ನ ಓದಿದ್ರೆ ಬಿಟ್ 0 ಬ್ಲ್ಯಾಂಕ್, ಬಿಟ್ 3 ವಿ ಸಿಂಕ್ ಟೈಮು ಹೇಳ್ಬೇಕು. ಬಯಾಸ್, ಅಂದ್ರೆ ಮದರ್‌ಬೋರ್ಡಲ್ಲೇ ಇರೋ ಶುರುವಿನ ಪ್ರೋಗ್ರಾಂ, ಆನ್ ಆಗ್ವಾಗ ಇವು ಬದಲಾಗ್ತಿವೆಯಾ ಅಂತ ಪರೀಕ್ಷೆ ಮಾಡುತ್ತೆ, ಸ್ಕ್ರಾಲ್ ಮಾಡೋವಾಗ ಬಿಟ್ 3 ಬರ್ಲಿ ಅಂತ ಕಾಯುತ್ತೆ, ಆ ಬಿಟ್ ಸೊನ್ನೇಲೇ ಕೂತಿದ್ರೆ ಮಷೀನ್ ಅಲ್ಲೇ ನಿಂತೋಗುತ್ತೆ. ಐಒ ಡಿಕೋಡ್ ಮಾಡೋವಾಗ ಎಇಎನ್, ಅಂದ್ರೆ ಎ11ನೇ ಪಿನ್, ಸೊನ್ನೆ ಇದೆಯಾ ನೋಡ್ಬೇಕು, ಇಲ್ದಿದ್ರೆ ಡಿಎಂಎ (ಪ್ರೊಸೆಸರ್ ಇಲ್ದೆ ಮೆಮೊರಿಗೆ ನೇರ ಡೇಟಾ ಸಾಗಿಸೋದು) ನಡೆಯೋವಾಗ ನಮ್ಮ ಕಾರ್ಡ್ ಮಧ್ಯ ಬಾಯಿ ಹಾಕುತ್ತೆ. ಕರ್ಸರ್ ಬೇಕಂದ್ರೆ 3ಡಿ4ರಲ್ಲಿ 14, 15 (ಇವು ಹೆಕ್ಸ್ ಅಲ್ಲ) ಅಂತ ಬಂದಾಗ 3ಡಿ5ಕ್ಕೆ ಬರೆದಿದ್ದನ್ನ ಹಿಡಿದು ಹೋಲಿಸ್ಬೇಕು, ಮೊದ್ಲ ಸಲ ಕರ್ಸರ್ ಇಲ್ದೇನೇ ನಡೀಲಿ.

ಬೋರ್ಡಿಗೆ ಹಾಕೋ ಮುಂಚೆ ಒಂದು ಬಿಡಿ ಐಎಸ್‌ಎ ಸಾಕೆಟ್ ತಗೊಂಡು ಆರ್ಡುಯಿನೋ ಮೆಗಾ ಅನ್ನೋ ಪುಟ್ಟ ಕಂಟ್ರೋಲರ್ ಬೋರ್ಡಿಗೆ ವೈರ್ ಮಾಡಿ. ಅದು 5 ವೋಲ್ಟಿಂದು, 54 ಡಿಜಿಟಲ್ ಪಿನ್ ಇದೆ, ಅಡ್ರೆಸ್ ಡೇಟಾ ಕಂಟ್ರೋಲ್ ಎಲ್ಲಕ್ಕೂ ಸಾಕು. ನಿಧಾನ ಆದ್ರೂ ಬಿ8000ಕ್ಕೆ ಹೆಕ್ಸ್ 41, ಬಿ8001ಕ್ಕೆ ಹೆಕ್ಸ್ 1ಇ ಬರೆದು ಮೇಲಿನ ಎಡ ಮೂಲೇಲಿ ನೀಲಿ ಮೇಲೆ ಹಳದಿ ಇಂಗ್ಲಿಷ್ ಎ ಬಂತು ಅಂದ್ರೆ ಅರ್ಧ ಭಯ ಹೋಯ್ತು. ಇಡೀ 4000 ಬೈಟ್ ಬರೆದು ವಾಪಸ್ ಓದಿ ಹೋಲಿಸಿ, ಒಂದು ರಾತ್ರಿ ಪೂರ್ತಿ ಓಡಿಸಿ.

ಪಿಸಿಬಿ 1.6 ಮಿಲಿಮೀಟರ್ ದಪ್ಪ, ಬೆರಳುಗಳಿಗೆ ಚಿನ್ನದ ಲೇಪ, ತುದಿ ಓರೆ ಮಾಡಿ ಕೊಡಿ ಅಂತ ಆರ್ಡರಲ್ಲೇ ಬರೀರಿ. ಎ ಸಾಲು ಚಿಪ್ ಇರೋ ಕಡೆ ಇರ್ಬೇಕು. ಮೈನಸ್ 5, ಪ್ಲಸ್ 12, ಮೈನಸ್ 12 ನಮಗೆ ಬೇಡ, ಆ ಬೆರಳುಗಳನ್ನ ಪೂರ್ತಿ ತೆಗೆದುಬಿಡಿ.

ಮದರ್‌ಬೋರ್ಡಿಗೆ ಹಾಕೋ ದಿನ ಆತುರ ಬೇಡ. ಕಾರ್ಡಿನ ಬಿ3 (5 ವೋಲ್ಟ್) ಮತ್ತು ಬಿ1 (ಗ್ರೌಂಡ್) ನಡುವೆ ಮಲ್ಟಿಮೀಟರ್ ಇಟ್ಟು ಶಾರ್ಟ್ ಇಲ್ಲ ಅಂತ ನೋಡಿ. ಸ್ಲಾಟ್ ಧೂಳು ಬ್ರಷ್ಷಲ್ಲಿ ತೆಗೀರಿ. ಬೋರ್ಡ್ ಮೇಲಿನ ಹಳೇ ಟ್ಯಾಂಟಲಮ್ ಕೆಪ್ಯಾಸಿಟರ್‌ಗಳನ್ನೂ ಅಳೆದು ನೋಡಿ, ಅದ್ರಲ್ಲೂ 12 ವೋಲ್ಟ್ ಲೈನಿಂದು, ಶಾರ್ಟ್ ಆಗಿ ಸಿಡಿಯೋದು ಅವುಗಳ ಹಳೇ ಅಭ್ಯಾಸ. ಮದರ್‌ಬೋರ್ಡಿನ ಡಿಪ್ ಸ್ವಿಚ್ಚನ್ನ ಕಲರ್ 80 ಕಾಲಂಗೆ ಇಡಿ. ಡಾಸ್ ಬಂದ್ಮೇಲೆ ಡೀಬಗ್ ಅನ್ನೋ ಅದ್ರ ಪ್ರೋಗ್ರಾಂ ಒಳಗೆ ಎಫ್ ಬಿ800:0 ಎಫ್9ಎಫ್ 41 1ಇ ಅಂತ ಇಂಗ್ಲಿಷ್ ಅಕ್ಷರದಲ್ಲಿ ಹೊಡೀರಿ, ಸ್ಕ್ರೀನ್ ತುಂಬ ಎ ಬರ್ಬೇಕು, ಒಂದೂ ತಪ್ಪದೆ.

ಎಲ್‌ಸಿಡಿಯಲ್ಲಿ ಅಕ್ಷರದ ದಪ್ಪ ಸ್ವಲ್ಪ ಹೆಚ್ಚು ಕಮ್ಮಿ ಕಂಡ್ರೆ ಕಾರ್ಡಿನ ತಪ್ಪಲ್ಲ. 640 ಬೈ 400ಕ್ಕೂ 720 ಬೈ 400ಕ್ಕೂ ಸಿಂಕ್ ಒಂದೇ, ಮಾನಿಟರ್ 720 ಅಂದ್ಕೊಂಡು ಅಳೆಯುತ್ತೆ. 28.322 ಮೆಗಾಹರ್ಟ್ಝ್ ಆಸಿಲೇಟರ್ ಹಾಕಿ ಎಂಟರ ಬದಲು ಒಂಬತ್ತರಿಂದ ಭಾಗಿಸಿದ್ರೆ ಸರಿ ಹೋಗುತ್ತೆ, ಮನೆ ಲೆಕ್ಕ ಏನೂ ಬದಲಾಗಲ್ಲ. ನಾನು ಮಾತ್ರ ಬೇಕಂತ್ಲೇ ಎಂಟರಲ್ಲೇ ಉಳ್ಕೊಂಡೆ, ಕಾರಣ ಕನ್ನಡ. ಫಾಂಟ್ ಈಪ್ರಾಮ್ ನಮ್ಮ ಕೈಲೇ ಇದ್ಮೇಲೆ ಅದ್ರಲ್ಲಿ ನಮ್ಮ ಅಕ್ಷರ ಇರ್ಬೇಡ್ವಾ. ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನೋರ ಜಿಸ್ಟ್ ಕಾರ್ಡ್ ಭಾರತೀಯ ಭಾಷೆಗಳನ್ನ ಇದೇ ಥರ ಪಿಸಿ ಸ್ಲಾಟಿಗೆ ಹಾಕೋ ಕಾರ್ಡಲ್ಲೇ ತೋರಿಸ್ತಿತ್ತು. 8 ಪಿಕ್ಸೆಲ್ ಅಗಲಕ್ಕೆ ಕನ್ನಡ ಹಿಡಿಯಲ್ಲ, ಅಕ್ಷರಕ್ಕೆ ಎರಡು ಮನೆ ಬೇಕು, ಒಂಬತ್ತನೇ ಪಿಕ್ಸೆಲ್ ಹಾಕಿದ್ರೆ ಅಕ್ಷರದ ನಡೂ ಮಧ್ಯ ಸೀಳು ಬೀಳುತ್ತೆ. ಒತ್ತಕ್ಷರಕ್ಕೆ 16 ಗೆರೇಲಿ ಜಾಗ ಸಾಲದು, ಅದಕ್ಕೆ ಕೆಳಗಿನ ಸಾಲನ್ನೂ ತಗೋಬೇಕಾಗುತ್ತೆ. ಆದ್ರೆ ನಮ್ಮೂರ ಹೆಸರಲ್ಲಿ ಒತ್ತು ಇಲ್ಲ: ತು, ಮ, ಕೂ, ರು, ನಾಲ್ಕಕ್ಷರ, ಎಂಟು ಮನೆ. ಚೌಕಳಿ ಪುಸ್ತಕದಲ್ಲಿ ಪೆನ್ಸಿಲಿಂದ ಬಿಡಿಸ್ಕೊಂಡು 224ರಿಂದ 231ರವರೆಗಿನ ಜಾಗದಲ್ಲಿ ಬರೆದೆ, 176ರಿಂದ 223 ಮುಟ್ಬೇಡಿ, ಪ್ರೋಗ್ರಾಂಗಳು ಚೌಕಟ್ಟು ಗೆರೆ ಎಳೆಯೋದು ಅದ್ರಲ್ಲೇ. ಆಲ್ಟ್ ಹಿಡಿದು ನಂಬರ್ ಪ್ಯಾಡಲ್ಲಿ ಆ ಎಂಟು ನಂಬರ್ ಒತ್ತಿ ಆನ್ ಆದಾಗ ತಾನಾಗೇ ಓಡೋ ಆಟೋಎಕ್ಸೆಕ್ ಫೈಲಲ್ಲಿ ಒಂದು ಎಕೋ ಸಾಲು ಹಾಕಿದೀನಿ, ಈಗ ಆ ಮಷೀನ್ ಆನ್ ಮಾಡಿದ್ರೆ ಡಾಸ್ ಪ್ರಾಂಪ್ಟಿಗಿಂತ ಮುಂಚೆ ತುಮಕೂರು ಅಂತ ಬರುತ್ತೆ.